ಹತ್ತುವ ಮೊದಲೇ ಇಳಿಯುವ ಮಾತು

ಸಯನ್ ಸ್ಟೇಷನ್ನಿನ ಫಲಕದಲ್ಲಿ ಮರಾಠಿಯಲ್ಲಿ 'ಶೀವ' ಎಂದು ಬರೆದಿರುವುದನ್ನು ನಮ್ಮಲ್ಲಿ ಅನೇಕರು ದಿನವೂ ನೋಡುತ್ತೇವೆ, ಓದುವವರು ಕಡಿಮೆ. ಶೀವ ಎಂದರೆ ಎಲ್ಲೆ, ನಮ್ಮ ಮಾತಿನಲ್ಲಿ ಸೀಮೆ. ಹಳೆಯ ಮುಂಬಯಿ ದ್ವೀಪ ಮುಗಿದು ಸಾಷ್ಟಿ ಆರಂಭವಾಗುವ ಗಡಿ ಇದಾಗಿತ್ತು. ಆ ಗಡಿಯ ಕಾವಲಿಗೆಂದು ಈಸ್ಟ್ ಇಂಡಿಯಾ ಕಂಪನಿಯವರು ಹದಿನೇಳನೆಯ ಶತಮಾನದಲ್ಲಿ ಇಲ್ಲಿಯ ಗುಡ್ಡದ ಮೇಲೆ ಒಂದು ಕೋಟೆ ಕಟ್ಟಿದರು. ಇಂದು ಆ ಕೋಟೆಗೆ ಕಾಯಲು ಏನೂ ಉಳಿದಿಲ್ಲ. ಸಂಜೆ ಹೊತ್ತು ಸಕ್ಕರೆ ಕಾಯಿಲೆಯವರೂ ನಿವೃತ್ತರೂ ಅದರ ಮೆಟ್ಟಿಲು ಹತ್ತಿ ಇಳಿಯುತ್ತಾರೆ.

2019ರ ಬೇಸಗೆಯಲ್ಲಿ ನಮ್ಮ ಸುತ್ತಿನ ಇಪ್ಪತ್ತೆರಡು ಮಂದಿ ಕೇದಾರ-ಬದರಿ ಯಾತ್ರೆಗೆ ಹೊರಟಾಗ ಈ ಮೆಟ್ಟಿಲುಗಳ ಮೇಲೆಯೇ ನಮ್ಮ ಸಿದ್ಧತೆ ನಡೆಯಿತು. ಗುಂಪಿನ ಹಿರಿಯರಾದ ರಾಯರು ಎಪ್ಪತ್ತೊಂದರ ವಯಸ್ಸಿನಲ್ಲೂ ಎಲ್ಲರಿಗಿಂತ ಮುಂದೆ ಹತ್ತುತ್ತಿದ್ದರು. "ಏನಪ್ಪಾ, ಆಫೀಸಿನ ಕುರ್ಚಿಯಲ್ಲಿ ಕೂತು ಕೂತು ನಿನ್ನ ಮೊಣಕಾಲೇ ನನಗಿಂತ ಹಳತಾಗಿದೆ" ಎಂದು ನನ್ನನ್ನು ಗೇಲಿ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಮೆಟ್ಟಿಲು ಹತ್ತುವ ಅಭ್ಯಾಸಕ್ಕೂ ಎತ್ತರದ ಗಾಳಿಗೂ ಸಂಬಂಧವಿಲ್ಲವೆಂಬ ವಿಷಯ ಆಗ ನನಗೆ ಅರ್ಧಂಬರ್ಧ ತಿಳಿದಿತ್ತು. ಅರ್ಧಂಬರ್ಧ ತಿಳಿದವನ ಹೊಣೆ ಎಷ್ಟು ಎಂಬುದೇ ಈ ಲೇಖನದ ಪ್ರಶ್ನೆ.

ಗೌರಿಕುಂಡ ಸಮುದ್ರಮಟ್ಟದಿಂದ ಸುಮಾರು 1,980 ಮೀಟರ್ ಎತ್ತರದಲ್ಲಿದೆ. ಕೇದಾರನಾಥ 3,583 ಮೀಟರ್. 2013ರ ಪ್ರವಾಹದ ಅನಂತರ ಮಾಡಿದ ಹೊಸ ದಾರಿ ಸುಮಾರು 16 ಕಿಲೋಮೀಟರ್. ಹಿಂದಿನ ರಾತ್ರಿ ನಾವು ಇನ್ನೂ ಕೆಳಗೆ, ಗುಪ್ತಕಾಶಿಯಲ್ಲಿ ಮಲಗಿದ್ದೆವು. ಅಂದರೆ ಬೆಳಿಗ್ಗೆ ಎದ್ದು ಸಂಜೆಯೊಳಗೆ ಎರಡು ಸಾವಿರ ಮೀಟರಿಗೂ ಹೆಚ್ಚು ಏರಿದ್ದೆವು. ಕೆಲವರು ನಡೆದರು, ಕೆಲವರು ಕುದುರೆ ಹತ್ತಿದರು. ಲಿಂಚೋಲಿಯ ಹತ್ತಿರ ರಾಯರು ಚಹಾ ಬೇಡವೆಂದರು. ತಲೆ ಸಿಡಿಯುತ್ತಿದೆ ಎಂದರು. ಸ್ವಲ್ಪ ಹೊತ್ತಿನಲ್ಲಿ ವಾಂತಿಯಾಯಿತು. ಅವರ ಮನೆಯವರು ನನ್ನ ಹತ್ತಿರ ಬಂದು, "ನೀನು ಬಿ.ಎಸ್ಸಿ. ಓದಿದವನಲ್ಲವೇ, ಇದು ಏನಾದರೂ ಕೆಟ್ಟದ್ದೇ ಹೇಳಪ್ಪಾ" ಎಂದು ಕೇಳಿದರು.

ಕೆಟ್ಟದ್ದಿರಬಹುದೆಂದು ನನಗೆ ಹೊಳೆದಿತ್ತು. ಎತ್ತರದಲ್ಲಿ ತಲೆನೋವು ಬಂದರೆ ಮುಂದೆ ಏರಬಾರದೆಂದು ಎಲ್ಲಿಯೋ ಓದಿದ್ದೆ. ಆದರೆ ರಾಯರನ್ನು ಕೆಳಗೆ ಕಳಿಸುವುದೆಂದರೆ ಜತೆಗೆ ಒಬ್ಬರು ಇಳಿಯಬೇಕು. ಗುಂಪಿನಲ್ಲಿ ಗಟ್ಟಿಯಾಗಿದ್ದ ಗಂಡಸರಲ್ಲಿ ನಾನೊಬ್ಬ. ಆ ಒಬ್ಬರು ನಾನೇ ಆಗುತ್ತಿದ್ದೆ. ಹನ್ನೊಂದು ತಿಂಗಳ ಉಳಿತಾಯ, ರಜೆ ಮಂಜೂರಿಗೆ ಪಟ್ಟ ಪಾಡು, ಬದುಕಿನಲ್ಲಿ ಒಮ್ಮೆ ಸಿಗುವ ದರ್ಶನ, ಇವೆಲ್ಲ ಆ ಒಂದು ಕ್ಷಣದಲ್ಲಿ ಲೆಕ್ಕಕ್ಕೆ ಬಂದವು. "ಗ್ಯಾಸ್ ಇರಬೇಕು ಅಮ್ಮ, ರಾತ್ರಿ ಮಲಗಿದರೆ ಸರಿಹೋಗುತ್ತದೆ" ಎಂದುಬಿಟ್ಟೆ.

ರಾತ್ರಿ ಎರಡು ಗಂಟೆಗೆ ಆ ತಾಯಿ ನನ್ನನ್ನು ಎಬ್ಬಿಸಿದರು. "ಇವರು ಒಂಥರಾ ಮಾತಾಡ್ತಾ ಇದ್ದಾರೆ." ರಾಯರು ತಾವು ದಾದರಿನಲ್ಲಿ ಇಳಿಯಬೇಕು, ಗಾಡಿ ಯಾಕೆ ನಿಲ್ಲುತ್ತಿಲ್ಲ ಎಂದು ಕೇಳುತ್ತಿದ್ದರು. ಎದ್ದು ನಿಂತರೆ ಕುಡಿದವರಂತೆ ತೂರಾಡುತ್ತಿದ್ದರು. ಅಲ್ಲಿಯ ವೈದ್ಯ ಶಿಬಿರದವರು ಆಮ್ಲಜನಕ ಕೊಟ್ಟರು, ಸೂಜಿ ಹಾಕಿದರು, ಬೆಳಕು ಹರಿಯುತ್ತಲೇ ಇಳಿಸಿ ಎಂದರು. ನೇಪಾಳದ ಒಬ್ಬ ಹೊರೆಯಾಳು ಅವರನ್ನು ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತ. ಜತೆಗೆ ಹೋದವನು ನಾನಲ್ಲ. ಗುಂಪಿನಲ್ಲಿದ್ದ, ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ನಾನು ಯೋಚಿಸುತ್ತಾ ನಿಂತಿದ್ದಾಗ ಅವನು ಬೂಟಿನ ದಾರ ಕಟ್ಟಿಯಾಗಿತ್ತು. ನನಗೆ ದರ್ಶನವಾಯಿತು. ಮಧ್ಯಾಹ್ನದ ಹೊತ್ತಿಗೆ ಕೆಳಗೆ ತಲುಪಿದ ರಾಯರು ಸಂಜೆಗೆ ಗಂಜಿ ಕುಡಿದು ಎದ್ದು ಕುಳಿತರು. ನಾನು ಪ್ರಸಾದ ಕೊಟ್ಟಾಗ ಕಣ್ಣಿಗೊತ್ತಿಕೊಂಡು, "ನನ್ನ ದೆಸೆಯಿಂದ ನಿನಗೆ ದರ್ಶನ ತಪ್ಪಲಿಲ್ಲವಲ್ಲ, ಅಷ್ಟು ಸಾಕು" ಎಂದರು. ಊರಿಗೆ ಬಂದ ಮೇಲೆ, ಗುಂಪನ್ನು ಹೆದರಿಸದೆ ನಿಭಾಯಿಸಿದೆನೆಂದು ನನ್ನನ್ನು ಹೊಗಳಿದವರೂ ಇದ್ದರು.

ರಾಯರು ಉಳಿದದ್ದರಿಂದ ನನ್ನ ಸುಳ್ಳು ಸಣ್ಣದಾಯಿತೇ? ಅವರು ತೀರಿಹೋಗಿದ್ದರೆ ಅದೇ ಮಾತು ಮಹಾಪಾಪವೆನಿಸುತ್ತಿತ್ತು. ಆಡಿದ ಮಾತು ಒಂದೇ, ಆಡಿದ ಕಾರಣವೂ ಒಂದೇ. ನಡುವೆ ನಿಂತದ್ದು ಒಬ್ಬ ಹೊರೆಯಾಳಿನ ಬೆನ್ನು ಮತ್ತು ಒಬ್ಬ ಹುಡುಗನ ಮನಸ್ಸು. ಅವೆರಡೂ ನನ್ನ ಸಂಪಾದನೆಯಲ್ಲ. ಈ ಯೋಚನೆ ಕಾಡಲು ತೊಡಗಿದ ಮೇಲೆ, ಆ ರಾತ್ರಿ ರಾಯರ ದೇಹದಲ್ಲಿ ನಡೆದದ್ದೇನು, ಅದನ್ನು ಮನುಷ್ಯ ಹೇಗೆ ತಿಳಿದುಕೊಂಡ ಎಂದು ಓದತೊಡಗಿದೆ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಸಯನ್ನಿನಲ್ಲೂ ಎವರೆಸ್ಟಿನಲ್ಲೂ ಅದರ ಪಾಲು ನೂರಕ್ಕೆ ಇಪ್ಪತ್ತೊಂದೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು 760 ಮಿಲಿಮೀಟರ್ ಪಾದರಸ. 1981ರಲ್ಲಿ ಅಮೆರಿಕದ ವೈದ್ಯ ಕ್ರಿಸ್ ಪಿಝೋ ಎವರೆಸ್ಟಿನ ತುದಿಯಲ್ಲೇ ನಿಂತು ಅಳೆದಾಗ 253 ಮಿಲಿಮೀಟರ್ ಬಂತು. ಮೂರರಲ್ಲಿ ಒಂದು ಪಾಲು. ಕೇದಾರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು. ಆದ್ದರಿಂದ ಪ್ರತಿ ಉಸಿರಿನಲ್ಲೂ ದೇಹಕ್ಕೆ ಸಿಗುವ ಆಮ್ಲಜನಕ ಅಷ್ಟಷ್ಟೇ ಕುಗ್ಗುತ್ತದೆ.

ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು. ಆದರೆ ದಿನಗಳ ಲೆಕ್ಕದಲ್ಲಿ, ಗಂಟೆಗಳ ಲೆಕ್ಕದಲ್ಲಲ್ಲ. ಅವಸರಪಡಿಸಿದರೆ ಮೊದಲು ತಲೆನೋವು, ವಾಕರಿಕೆ, ನಿದ್ರೆ ಬಾರದಿರುವಿಕೆ. ಅದನ್ನೂ ಲೆಕ್ಕಿಸದೆ ಏರಿದರೆ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ: ಕುಳಿತಲ್ಲೇ ಏದುಸಿರು, ಕೆಮ್ಮು, ನಸುಗೆಂಪು ನೊರೆ. ಇನ್ನು ಕೆಲವರಿಗೆ ಮಿದುಳು ಊದಿಕೊಳ್ಳುತ್ತದೆ: ತೂರಾಟ, ತಪ್ಪು ಮಾತು, ಕೊನೆಗೆ ಎಚ್ಚರ ತಪ್ಪುವುದು. ಒಂದು ನೇರ ಗೆರೆಯ ಮೇಲೆ ಹಿಮ್ಮಡಿಗೆ ಮುಂಗಾಲು ತಾಗಿಸಿ ನಡೆಯಲು ಹೇಳಿದರೆ ಸಾಕು, ಇದರ ಸುಳಿವು ಸಿಗುತ್ತದೆ, ಯಂತ್ರ ಬೇಕಿಲ್ಲ. ಅಸೆಟಝೋಲಮೈಡ್ ಎಂಬ ಮಾತ್ರೆ ದೇಹದ ಹೊಂದಿಕೆಗೆ ನೆರವಾಗುತ್ತದೆ, ಡೆಕ್ಸಾಮೆಥಸೋನ್ ಮಿದುಳಿನ ಊತವನ್ನು ತಡೆಹಿಡಿಯುತ್ತದೆ. ಇವು ವೈದ್ಯರು ಹೇಳಿ ಕೊಡಬೇಕಾದವು. ಎಲ್ಲಕ್ಕಿಂತ ದೊಡ್ಡ ಮದ್ದು ಇಳಿಯುವುದು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಐದುನೂರು ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ತಂಗಬೇಕು ಎಂಬುದು ಈಗ ಎಲ್ಲರೂ ಒಪ್ಪಿದ ನಿಯಮ.

ಎರಡು ವಾಕ್ಯದಲ್ಲಿ ಮುಗಿಯುವ ಈ ನಿಯಮಕ್ಕೆ ತೆತ್ತ ಬೆಲೆ ಏನು? 1875ರಲ್ಲಿ 'ಝೆನಿತ್' ಎಂಬ ಬಲೂನಿನಲ್ಲಿ ಮೂವರು ಫ್ರೆಂಚರು ಎಂಟು ಸಾವಿರ ಮೀಟರಿಗೆ ಏರಿದರು. ಕೊಂಡೊಯ್ದ ಆಮ್ಲಜನಕ ಸಾಲದೆಂದು ಶರೀರವಿಜ್ಞಾನಿ ಪಾಲ್ ಬೇರ್ ಬರೆದ ಕಾಗದ ಅವರಿಗೆ ಸಮಯಕ್ಕೆ ಮುಟ್ಟಲಿಲ್ಲ. ಇಬ್ಬರು ಸತ್ತರು, ಉಳಿದ ಟಿಸ್ಸಾಂಡಿಯೇ ಕಿವುಡನಾದ. 1891ರಲ್ಲಿ ಮಾಂ ಬ್ಲಾಂ ಪರ್ವತದ ವೀಕ್ಷಣಾಲಯದಲ್ಲಿ ಡಾ. ಜಾಕೊತೆ ಎಂಬ ತರುಣ ವೈದ್ಯ ಕಾಯಿಲೆಬಿದ್ದ. ಇಳಿಯೆಂದರೆ ಒಪ್ಪಲಿಲ್ಲ, ಎತ್ತರ ತನ್ನ ಮೇಲೆ ಏನು ಮಾಡುತ್ತದೆಂದು ನೋಡಬೇಕೆಂದ. ಅಲ್ಲಿಯೇ ಸತ್ತ. ಅವನ ಶವಪರೀಕ್ಷೆಯಲ್ಲಿ ಕಂಡದ್ದು ನೀರು ತುಂಬಿದ ಶ್ವಾಸಕೋಶ. 1920ರಲ್ಲಿ ಕೇಂಬ್ರಿಜಿನ ಜೋಸೆಫ್ ಬಾರ್‌ಕ್ರಾಫ್ಟ್ ಆಮ್ಲಜನಕ ಕಡಿಮೆ ಮಾಡಿದ ಗಾಜಿನ ಕೋಣೆಯಲ್ಲಿ ಆರು ದಿನ ಇದ್ದು, ರಕ್ತಪರೀಕ್ಷೆಗೆಂದು ತನ್ನ ಕೈಯ ಅಪಧಮನಿಯನ್ನೇ ತೆರೆಸಿಕೊಂಡ. 1960-61ರಲ್ಲಿ ಎಡ್ಮಂಡ್ ಹಿಲರಿಯ ಮುಖಂಡತ್ವದಲ್ಲಿ ಎವರೆಸ್ಟ್ ಪ್ರದೇಶದ ಸುಮಾರು 5,800 ಮೀಟರ್ ಎತ್ತರದಲ್ಲಿ 'ಸಿಲ್ವರ್ ಹಟ್' ಎಂಬ ಗುಡಿಸಲು ನಿಲ್ಲಿಸಿ ಗ್ರಿಫಿತ್ ಪ್ಯೂ ಮತ್ತು ಸಂಗಡಿಗರು ಚಳಿಗಾಲವನ್ನೆಲ್ಲ ಕಳೆದರು. ಅದರಲ್ಲಿ ನಮ್ಮವರಾದ ಸುಖಮಯ ಲಾಹಿರಿಯೂ ಭಾರತೀಯ ಸೇನೆಯ ವೈದ್ಯ ಕ್ಯಾಪ್ಟನ್ ಮೋಟ್ವಾನಿಯೂ ಇದ್ದರು. ಅಷ್ಟು ಎತ್ತರದಲ್ಲಿ ಮನುಷ್ಯ ಎಷ್ಟು ದಿನವಿದ್ದರೂ ಪೂರ್ತಿ ಒಗ್ಗುವುದಿಲ್ಲ, ಮೈ ಕರಗುತ್ತಲೇ ಹೋಗುತ್ತದೆಂದು ಅವರು ತಮ್ಮ ದೇಹಗಳನ್ನೇ ತೂಗಿ ತೋರಿಸಿದರು.

ಇವರೆಲ್ಲ ತಾವಾಗಿ ಹೋದವರು. ತಮ್ಮ ದೇಹ, ತಮ್ಮ ಕುತೂಹಲ. ಆದರೆ ನಮ್ಮ ದೇಶದಲ್ಲಿ ಈ ವಿದ್ಯೆಯ ದೊಡ್ಡ ಪಾಲು ಬಂದದ್ದು ತಾವಾಗಿ ಹೋಗದವರಿಂದ. 1962ರ ಚೀನಾ ಯುದ್ಧದಲ್ಲಿ ಬಯಲುಸೀಮೆಯ ಸಿಪಾಯಿಗಳನ್ನು ತರಾತುರಿಯಲ್ಲಿ ಹಿಮಾಲಯಕ್ಕೆ ಏರಿಸಲಾಯಿತು. ಗುಂಡು ತಾಗದೆಯೇ ಅನೇಕರು ಕುಸಿದರು. ಅವರಿಗೆ ಚಿಕಿತ್ಸೆ ಮಾಡಿದ ಸೇನಾವೈದ್ಯ ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು 11,000ದಿಂದ 18,000 ಅಡಿಗಳ ನಡುವೆ ಕಾಯಿಲೆಬಿದ್ದ 1,925 ಸೈನಿಕರ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ಇಂದಿಗೂ ಈ ವಿಷಯದಲ್ಲಿ ಬರೆಯುವವರು ಆ ಲೇಖನವನ್ನು ಸ್ಮರಿಸುತ್ತಾರೆ. ಅಂದು ಅವರು ಉಪಯುಕ್ತವೆಂದು ನಂಬಿದ, ಮೂತ್ರ ಹೆಚ್ಚಿಸುವ ಮದ್ದನ್ನು ಮುಂದೆ ವೈದ್ಯರು ಕೈಬಿಟ್ಟರು. ವಿಜ್ಞಾನ ಹೀಗೆ ಎಡವುತ್ತಲೇ ನಡೆಯುತ್ತದೆ. ಈಗ ನಮ್ಮ ಸೇನೆಯಲ್ಲಿ 9,000 ಅಡಿಯಿಂದ ಮೇಲೆ ಆರು ದಿನ, 12,000ದಿಂದ ಮೇಲೆ ನಾಲ್ಕು ದಿನ, 15,000ದಿಂದ ಮೇಲೆ ಇನ್ನೂ ನಾಲ್ಕು ದಿನ ಹೊಂದಿಕೊಳ್ಳಲು ಬಿಡುತ್ತಾರೆ. ಆ ಹದಿನಾಲ್ಕು ದಿನಗಳ ಹಿಂದೆ ಹೆಸರಿಲ್ಲದ ಆ 1,925 ಮಂದಿ ಇದ್ದಾರೆ.

ಅವರನ್ನು ಯಾರೂ ಪ್ರಯೋಗಕ್ಕೆಂದು ಕಳಿಸಲಿಲ್ಲ, ನಿಜ. ವೈದ್ಯರು ಮಾಡಿದ್ದು ತಮ್ಮ ಕರ್ತವ್ಯ. ಆದರೂ 'ನನ್ನ ನೋವಿನಿಂದ ನೀವು ಪಾಠ ಕಲಿಯಬಹುದು' ಎಂದು ಆ ಸಿಪಾಯಿಗಳು ಬರೆದುಕೊಟ್ಟಿರಲಿಲ್ಲ. ವೈದ್ಯಕೀಯ ಸಂಶೋಧನೆಗೆ ಒಳಗಾಗುವವನ ಒಪ್ಪಿಗೆ ಬೇಕೆಂದು 1947ರ ನ್ಯೂರೆಂಬರ್ಗ್ ಸಂಹಿತೆಯೂ 1964ರ ಹೆಲ್ಸಿಂಕಿ ಘೋಷಣೆಯೂ ಹೇಳಿವೆ. ಆದರೆ ಮೇಲಧಿಕಾರಿಯ ಕೈಕೆಳಗಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ನಮ್ಮ ಕಚೇರಿಗಳ ಸುತ್ತೋಲೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 'ಒಂದು ದಿನದ ಸಂಬಳವನ್ನು ಸ್ವಇಚ್ಛೆಯಿಂದ ಕೊಡಬಹುದು. ಇಚ್ಛೆಯಿಲ್ಲದವರು ಲಿಖಿತವಾಗಿ ತಿಳಿಸಬೇಕು' ಎಂದಿರುತ್ತದೆ. ಲಿಖಿತವಾಗಿ ತಿಳಿಸಿದವರನ್ನು ನಾನಂತೂ ಕಂಡಿಲ್ಲ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆರು ದಿನಗಳ ಮೇಲೆ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್‌ನಾಯಕ್ ಹನುಮಂತಪ್ಪ ಕೊಪ್ಪದ ಹಿಮದಡಿಯಿಂದ ಜೀವಂತವಾಗಿ ಸಿಕ್ಕಾಗ ಮುಂಬಯಿಯ ಕನ್ನಡಿಗರ ಮನೆಗಳಲ್ಲೂ ದೇವರಿಗೆ ದೀಪ ಹಚ್ಚಿದರು. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ತೀರಿಕೊಂಡರು. ಅದು ಎತ್ತರದ ಕಾಯಿಲೆಯಲ್ಲ, ಹಿಮಪಾತ. ಆದರೆ ಜೋಳದ ಹೊಲದ ಊರಿನವನೊಬ್ಬ ಅಷ್ಟು ಎತ್ತರದಲ್ಲಿ ಉಸಿರಾಡುತ್ತಾ ಕಾವಲು ನಿಲ್ಲಬಲ್ಲನೆಂಬುದು ಆ ಹಳೆಯ ಸಿಪಾಯಿಗಳಿಂದ ಬಂದ ವಿದ್ಯೆಯ ಫಲ. ಇಂಥ ಸಾಲವನ್ನು ದುಡ್ಡಿನಿಂದ ತೀರಿಸಲಾಗದು. ಕಲಿತದ್ದನ್ನು ಬಳಸುವುದೊಂದೇ ದಾರಿ. ತಿಳಿದೂ ಬಳಸದವನು ಆ ಸತ್ತವರಿಗೆ ಇನ್ನೊಮ್ಮೆ ಅನ್ಯಾಯ ಮಾಡಿದಂತೆ. ಲಿಂಚೋಲಿಯಲ್ಲಿ ನಾನು ಮಾಡಿದ್ದು ಅದನ್ನೇ.

ಕೇದಾರದ ದಾರಿಯಲ್ಲಿ ಪಾಂಡವರ ಹೆಸರು ಹೆಜ್ಜೆಹೆಜ್ಜೆಗೂ ಕೇಳಿಬರುತ್ತದೆ. ಮಹಾಪ್ರಸ್ಥಾನದ ಕಥೆ ನಮಗೆಲ್ಲ ಗೊತ್ತು. ಮೊದಲು ದ್ರೌಪದಿ ಬೀಳುತ್ತಾಳೆ. ಏಕೆ ಬಿದ್ದಳೆಂದು ಭೀಮ ಕೇಳುತ್ತಾನೆ. ಅರ್ಜುನನ ಮೇಲೆ ಅವಳಿಗೆ ಪಕ್ಷಪಾತವಿತ್ತೆಂದು ಧರ್ಮರಾಯ ಉತ್ತರ ಕೊಟ್ಟು, ಹಿಂದಿರುಗಿ ನೋಡದೆ ನಡೆಯುತ್ತಾನೆ. ಸಹದೇವನಿಗೆ ಬುದ್ಧಿಯ ಗರ್ವ, ನಕುಲನಿಗೆ ರೂಪದ ಗರ್ವ, ಅರ್ಜುನನಿಗೆ ಶೌರ್ಯದ ಗರ್ವ, ಕೊನೆಗೆ ಭೀಮನಿಗೆ ಹೊಟ್ಟೆಬಾಕತನ. ಬಿದ್ದವರಿಗೆಲ್ಲ ಒಂದೊಂದು ದೋಷ. ಪುರಾಣದ ಅರ್ಥ ಬೇರೆಯಿರಬಹುದು. ಅದು ದೇಹ ಬಿಡಲೆಂದೇ ಹೊರಟವರ ಪ್ರಯಾಣ. ಆದರೆ ನಾವು ಸಾಮಾನ್ಯರು ಆ ಕಥೆಯಿಂದ ಒಂದು ಕೆಟ್ಟ ಅಭ್ಯಾಸವನ್ನು ಕಲಿತಿದ್ದೇವೆ: ಬಿದ್ದವನಲ್ಲಿ ದೋಷ ಹುಡುಕುವುದು. 'ಭಕ್ತಿ ಸಾಲದು', 'ಮೈಯಲ್ಲಿ ಕಸುವಿಲ್ಲ', 'ಮಡಿ ಕೆಟ್ಟಿರಬೇಕು'. ನಮ್ಮ ಗುಂಪಿನಲ್ಲೂ ಆ ರಾತ್ರಿ ಪಿಸುಮಾತು ನಡೆದಿತ್ತು.

ಸಂಶೋಧನೆ ಇದಕ್ಕೆ ಕೊಡುವ ಉತ್ತರ ಸ್ಪಷ್ಟವಾಗಿದೆ. 1976ರಲ್ಲಿ ಪ್ರಕಟವಾದ ಹ್ಯಾಕೆಟ್ ಮತ್ತು ರೆನ್ನಿ ಅವರ ಅಧ್ಯಯನದಲ್ಲಿ, ಎವರೆಸ್ಟ್ ದಾರಿಯ ಫೆರಿಚೆ ಎಂಬಲ್ಲಿ ಪರೀಕ್ಷಿಸಿದ 278 ಚಾರಣಿಗರಲ್ಲಿ ನೂರಕ್ಕೆ 53 ಮಂದಿಗೆ ಎತ್ತರದ ಕಾಯಿಲೆಯಿತ್ತು. ನಡೆದು ಬಂದವರಿಗಿಂತ ವಿಮಾನದಲ್ಲಿ ಬಂದಿಳಿದು ಹೊರಟವರಲ್ಲಿ ಅದು ಹೆಚ್ಚು. ಗಟ್ಟಿಮುಟ್ಟಾದ ದೇಹ ಇದರಿಂದ ರಕ್ಷಣೆ ಕೊಡುವುದಿಲ್ಲ. ಹೆಚ್ಚು ಕಸುವಿದ್ದವನು ಬೇಗ ಏರಿ ಬೇಗ ಬೀಳುವುದೂ ಉಂಟು. ಯಾರು ಬೀಳುತ್ತಾರೆಂಬುದು ಬಹುಮಟ್ಟಿಗೆ ಹುಟ್ಟಿನಿಂದ ಬಂದ ದೇಹಗುಣ, ಮತ್ತು ಏರಿದ ವೇಗ. ಬಿದ್ದದ್ದು ಪಾಪವಲ್ಲವೆಂದು ವಿಜ್ಞಾನ ಹೇಳಿತು. ಆದರೆ ಬಿದ್ದವನ ತಲೆಯಿಂದ ಇಳಿಸಿದ ದೋಷದ ಹೊರೆಯನ್ನು ಅದು ಜತೆಯಲ್ಲಿದ್ದವನ ತಲೆಯ ಮೇಲೆ ಇಟ್ಟಿತು. ತಿಳಿಯದ ಕಾಲದಲ್ಲಿ ಬಿಟ್ಟು ಹೋದವನಿಗೆ ಕ್ಷಮೆಯಿತ್ತು. ತಿಳಿದ ಮೇಲೆ ಇಲ್ಲ.

2006ರ ಮೇ 15ರಂದು ಡೇವಿಡ್ ಶಾರ್ಪ್ ಎಂಬ ಇಂಗ್ಲಿಷ್ ಪರ್ವತಾರೋಹಿ ಎವರೆಸ್ಟಿನ ತುದಿಗೆ ಸಮೀಪದ ಬಂಡೆಯ ಮರೆಯಲ್ಲಿ ಕುಸಿದು ಸತ್ತ. ಹತ್ತಾರು ಮಂದಿ ಆ ದಾರಿಯಲ್ಲೇ ಹಾದುಹೋಗಿದ್ದರು. ಕತ್ತಲಲ್ಲಿ ಕೆಲವರು ಕಾಣಲಿಲ್ಲ, ಕೆಲವರು ಸತ್ತಿದ್ದಾನೆಂದುಕೊಂಡರು, ಕೆಲವರು ಸ್ವಲ್ಪ ಹೊತ್ತು ನೆರವಾಗಲು ನೋಡಿದರು. ಹನ್ನೊಂದು ದಿನಗಳ ಮೇಲೆ ಅದೇ ಬೆಟ್ಟದಲ್ಲಿ, ಸತ್ತನೆಂದು ಬಿಟ್ಟುಬಂದಿದ್ದ ಲಿಂಕನ್ ಹಾಲ್ ಎಂಬ ಆಸ್ಟ್ರೇಲಿಯದವನನ್ನು ಡ್ಯಾನ್ ಮಜೂರ್‌ನ ತಂಡ ಕಂಡಿತು. ತುದಿ ಇನ್ನು ಎರಡು ಗಂಟೆಯ ದಾರಿ. ಅವರು ತುದಿಯನ್ನು ಬಿಟ್ಟು ಅವನ ಬಳಿ ಉಳಿದರು. ಅವನು ಬದುಕಿದ. ಎರಡೂ ಕಡೆ ಗಾಳಿ ಅಷ್ಟೇ ತೆಳು. ಆದ್ದರಿಂದ ಎಲ್ಲವನ್ನೂ ಗಾಳಿಯ ಮೇಲೆ ಹಾಕಲು ಬರುವುದಿಲ್ಲ.

ನಮ್ಮನ್ನು ನಾವು ಕೇಳಿಕೊಳ್ಳೋಣ. ಬೆಳಿಗ್ಗೆ ಒಂಬತ್ತು ಗಂಟೆಯ ಲೋಕಲಿಗೆ ಓಡುವಾಗ ಸೇತುವೆಯ ಮೆಟ್ಟಿಲಲ್ಲಿ ಒಬ್ಬ ಕುಸಿದು ಕುಳಿತಿದ್ದರೆ ಎಷ್ಟು ಮಂದಿ ನಿಲ್ಲುತ್ತೇವೆ? ಕುಡಿದಿರಬೇಕೆಂದುಕೊಳ್ಳುವುದು ನಮಗೆ ಅನುಕೂಲ. ನಾನು ಲಿಂಚೋಲಿಯಲ್ಲಿ 'ಗ್ಯಾಸ್' ಎಂದದ್ದು ಕೂಡ ಅಂಥದೇ ಅನುಕೂಲದ ರೋಗನಿದಾನ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಕೇದಾರದಲ್ಲಿ ಪ್ರಾಣ ಹೋದರೂ ಸರಿ ಎಂಬ ಹಿರಿಯರನ್ನು ಬಲವಂತವಾಗಿ ಇಳಿಸಲು ನಾವು ಯಾರು? ರಾಯರೂ ಲಿಂಚೋಲಿಯಲ್ಲಿ ಅದೇ ಮಾತು ಹೇಳಿದ್ದರು. ಅವರವರ ಜೀವ ಅವರವರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಕಾಯಿಲೆ ಮೊದಲು ಹಿಡಿಯುವುದು ನಿರ್ಧಾರ ಮಾಡುವ ಮಿದುಳನ್ನೇ. ಜತೆಗಿದ್ದವರ ವಿವೇಕವೂ ಅಲ್ಲಿ ಮಂಕಾಗಿರುತ್ತದೆ. ಆಮ್ಲಜನಕ ಕಡಿಮೆಯಾಗಿ ಸ್ವಲ್ಪ, ಆಸೆಯಿಂದ ಬಹಳ. ಹಾಗಾದರೆ ನಿಜವಾದ ಒಪ್ಪಿಗೆ ಎಲ್ಲಿ ಸಿಗುತ್ತದೆ? ಕೆಳಗೆ, ಸಮುದ್ರಮಟ್ಟದಲ್ಲಿ, ತಲೆ ನೆಟ್ಟಗಿರುವಾಗ. ನಮ್ಮಲ್ಲಿ ಯಾತ್ರೆಗೆ ಮೊದಲು ಸಂಕಲ್ಪ ಮಾಡುವ ಪದ್ಧತಿಯಿದೆ. ಹೋಗುವ ಸಂಕಲ್ಪದ ಜತೆಗೆ ಇಳಿಯುವ ಸಂಕಲ್ಪವನ್ನೂ ಸೇರಿಸಿಕೊಂಡರೆ ಧರ್ಮಕ್ಕೆ ಏನೂ ಕೊರತೆಯಾಗದು. ಸಾಯಲೂ ಸಿದ್ಧನೆನ್ನುವವನು ಅದನ್ನು ಸಯನ್ನಿನಲ್ಲೇ ಹೇಳಲಿ; ಮನೆಯವರು ಕೇಳಿಸಿಕೊಳ್ಳಲಿ.

ಇಳಿದರೆ ಭಕ್ತಿಗೆ ಊನವೆಂದುಕೊಳ್ಳುವವರು ಒಂದು ಸಂಗತಿ ನೆನೆಯಬೇಕು. ಕೇದಾರದ ರಾವಲರು ಕರ್ನಾಟಕದ ವೀರಶೈವ ಜಂಗಮ ಪರಂಪರೆಯವರೆಂಬುದು ನಮಗೆಲ್ಲ ಹೆಮ್ಮೆಯ ಮಾತು. ಪ್ರತಿವರ್ಷ ದೀಪಾವಳಿ ಕಳೆಯುತ್ತಲೇ ಗುಡಿಯ ಬಾಗಿಲು ಮುಚ್ಚಿ ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಊಖೀಮಠಕ್ಕೆ ಇಳಿಸುತ್ತಾರೆ. ಆರು ತಿಂಗಳ ಪೂಜೆ ಅಲ್ಲಿಯೇ. ಎತ್ತರದ ಕಾಲ ಮುಗಿದಾಗ ಕೇದಾರೇಶ್ವರನೇ ಇಳಿಯುತ್ತಾನೆ. ಭಕ್ತ ಇಳಿದರೆ ನಾಚಿಕೆ ಏಕೆ?

ಧರ್ಮರಾಯನ ಕಥೆಯಲ್ಲೂ ಕೊನೆಗೊಂದು ನಾಯಿ ಇದೆ. ಅದನ್ನು ಬಿಟ್ಟು ಸ್ವರ್ಗದ ರಥ ಹತ್ತಲು ಅವನು ಒಪ್ಪಲಿಲ್ಲ. ತಮ್ಮಂದಿರಿಲ್ಲದ ಸ್ವರ್ಗವೂ ಅವನಿಗೆ ಬೇಡವಾಯಿತು. ಬಿದ್ದವರನ್ನು ದಾಟಿ ನಡೆದವನ ಕಥೆಯೂ ಅವನದೇ, ಜತೆಗಿದ್ದುದನ್ನು ಬಿಡದವನ ಕಥೆಯೂ ಅವನದೇ. ನಾವು ಯಾವ ಅರ್ಧವನ್ನು ಕಲಿಯುತ್ತೇವೆಂಬುದು ನಮಗೆ ಬಿಟ್ಟದ್ದು.

2022ರ ಯಾತ್ರೆಯಲ್ಲಿ ಹೃದಯದ ತೊಂದರೆ, ಎತ್ತರದ ತೊಂದರೆಗಳಿಂದ ನೂರಕ್ಕೂ ಹೆಚ್ಚು ಯಾತ್ರಿಗಳು ತೀರಿಕೊಂಡರೆಂದು ಪತ್ರಿಕೆಯಲ್ಲಿ ಓದಿದ ದಿನ ನಾನು ರಾಯರ ಮನೆಗೆ ಹೋಗಿ ಲಿಂಚೋಲಿಯ ವಿಷಯ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಹುಡುಗನಿಗೆ ಇನ್ನೂ ದರ್ಶನ ಆಗಿಲ್ಲ ಅಲ್ಲವೇ?" ಎಂದು ಕೇಳಿದರು. ಬೇರೇನೂ ಹೇಳಲಿಲ್ಲ.

ಮುಂದಿನ ಬೇಸಗೆಗೆ ಮತ್ತೊಂದು ಗುಂಪು ಹೊರಡುವುದಿದೆ. ಆ ಹುಡುಗನೂ ಬರುತ್ತಾನೆ. ಗೌರಿಕುಂಡದ ಆಸುಪಾಸಿನಲ್ಲಿ ಒಂದು ರಾತ್ರಿ, ನಡುದಾರಿಯಲ್ಲಿ ಇನ್ನೊಂದು ರಾತ್ರಿ ತಂಗುವುದೆಂದು ಗೊತ್ತುಮಾಡಿದ್ದೇವೆ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ. ಸ್ವೆಟರು, ಟಾರ್ಚು, ಬಿ.ಪಿ. ಮಾತ್ರೆಗಳ ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: 'ಯಾರಿಗಾದರೂ ತಲೆನೋವು ಬಂದರೆ ಮುಚ್ಚಿಡಬಾರದು, ಅವರೊಂದಿಗೆ ಇಳಿಯುವವರು' ಎಂದು ಬರೆದು, ಮುಂದೆ ನನ್ನ ಹೆಸರು ಹಾಕಿದ್ದೇನೆ. ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದ್ದೇನೆ.